ಬ್ಯಾಸರ

ಸೇಡಂ ಕಡೆಯ ಮಂದಿ 'ಬ್ಯಾಸರ' ಎಂಬ ಮಾತನ್ನು ಎಷ್ಟು ಕೆಲಸಕ್ಕೆ ಹಚ್ಚುತ್ತಾರೆ ಎಂದು ಕಿವಿಗೊಟ್ಟು ಕೇಳಬೇಕು. ಹೊತ್ತು ಹೋಗದಿದ್ದರೆ ಬ್ಯಾಸರ. ಓಣಿಯ ಹಿರಿಯರೊಬ್ಬರು ತೀರಿಕೊಂಡ ಸುದ್ದಿ ಬಂದರೆ 'ಕೇಳಿ ಭಾಳ ಬ್ಯಾಸರ ಆಯ್ತು'. ಚಿತ್ತಾಪುರದಿಂದ ಕಲಬುರಗಿತನಕ ಬಸ್ಸಿನಲ್ಲಿ ನಿಂತೇ ಬಂದವರಿಗೆ 'ನಿಂತು ನಿಂತು ಬ್ಯಾಸತ್ತು ಹೋಯ್ತು'. ಮದುವೆಗೆ ಕರೆಯಲು ಮರೆತವರು ಸಂತೆಯಲ್ಲಿ ಎದುರಾದರೆ 'ಬ್ಯಾಸರ ಮಾಡ್ಕೋಬ್ಯಾಡ್ರಿ ಕಾಕಾ'. ಸಪ್ಪಗಾದ ಮನಸ್ಸು, ದುಃಖ, ದಣಿವು, ಮುನಿಸು, ಎಲ್ಲಕ್ಕೂ ಇದೊಂದೇ ಮಾತು ಸಾಕಾಗುತ್ತದೆ.

ಇದರ ಮಗ್ಗುಲಲ್ಲೇ 'ಬೇಜಾರ' ಓಡಾಡಿಕೊಂಡಿದೆ. ಅದು ಪಾರ್ಸಿಯಿಂದ ಬಂದದ್ದು, ಉರ್ದುವಿಗೂ ಮರಾಠಿಗೂ ಒಗ್ಗಿದ್ದು. 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಅದು ಮನೆಯ ಮಾತೇ ಆಗಿಹೋಗಿದೆ. ಬ್ಯಾಸರ ಮಾತ್ರ ಅಚ್ಚ ಕನ್ನಡದ್ದು. ಹಳಗನ್ನಡದಲ್ಲಿ ಅದು ಶಕಟರೇಫದ ಬೇಸಱ್. ಕವಿರಾಜಮಾರ್ಗ ಹುಟ್ಟಿದ ಮಳಖೇಡ ಸೇಡಂ ತಾಲ್ಲೂಕಿನಲ್ಲೇ ಇರುವಾಗ ಈ ಮಾತಿನ ವಯಸ್ಸನ್ನು ಬೇರೆ ಹೇಳಬೇಕಿಲ್ಲ. ನನ್ನ ಕಿವಿಗೆ ಎರಡಕ್ಕೂ ಒಂದು ಸಣ್ಣ ಫರಕು ಕೇಳಿಸುತ್ತದೆ. ವಾಡಿ ಜಂಕ್ಷನ್ನಿನಲ್ಲಿ ಗಾಡಿ ತಡವಾದರೆ ಬೇಜಾರ. ಗಾಡಿ ಹೊತ್ತಿಗೆ ಸರಿಯಾಗಿ ಬಂದು, ಸೀಟೂ ಸಿಕ್ಕು, ಆಮೇಲೂ ಮನಸ್ಸು ಎಲ್ಲೂ ಕೂಡುವುದಿಲ್ಲ ಎಂದರೆ ಅದು ಬ್ಯಾಸರ.

ಈ ಎರಡನೆಯದನ್ನು ತೀರಾ ಹತ್ತಿರದಿಂದ ನೋಡಿ ಬರೆದಿಟ್ಟವನು ಈಜಿಪ್ಟಿನ ಮರುಭೂಮಿಯಲ್ಲಿದ್ದ ಒಬ್ಬ ಕ್ರೈಸ್ತ ಸನ್ಯಾಸಿ, ಇವಾಗ್ರಿಯಸ್. ಕಪ್ಪು ಸಮುದ್ರದ ದಂಡೆಯ ಪೊಂತಸ್ ಸೀಮೆಯವನು, ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹೆಸರು ಮಾಡಿದ ವಿದ್ವಾಂಸ. ಎಲ್ಲ ಬಿಟ್ಟು ಈಜಿಪ್ಟಿಗೆ ಬಂದು, ಕೆಲ್ಲಿಯ ಎಂಬಲ್ಲಿ ಒಂದು ಗುಡಿಸಲಿನಂಥ ಕೋಣೆಯಲ್ಲಿ ಸುಮಾರು ಹದಿನಾಲ್ಕು ವರ್ಷ ಕೂತು, 399ರಲ್ಲಿ ಅಲ್ಲೇ ತೀರಿಕೊಂಡ. ಕೆಲ್ಲಿಯ ಎಂದರೇ ಕೋಣೆಗಳು. ಅಲ್ಲಿಯ ಹಿರಿಯರನ್ನು 'ಅಬ್ಬಾ' ಎಂದು ಕರೆಯುತ್ತಿದ್ದರು. ಶಹಾಬಾದಿನ ಮುಸಲ್ಮಾನರ ಮನೆಗಳಲ್ಲಿ ಮಕ್ಕಳು ಇವತ್ತಿಗೂ ತಂದೆಯನ್ನು ಕೂಗುವುದು ಹಾಗೆಯೇ.

ಮನಸ್ಸನ್ನು ಕಾಡುವ ಎಂಟು ಯೋಚನೆಗಳನ್ನು ಇವಾಗ್ರಿಯಸ್ ಹೆಸರಿಸಿದ. ಅವುಗಳಲ್ಲಿ ಎಲ್ಲಕ್ಕಿಂತ ಭಾರವಾದದ್ದು ಗ್ರೀಕಿನಲ್ಲಿ 'ಅಕೇಡಿಯ'. ಅದಕ್ಕೆ ನಡುಹಗಲ ದೆವ್ವ ಎಂಬ ಹೆಸರೂ ಇತ್ತು. ಅದು ಬರುವ ಹೊತ್ತನ್ನೂ ಅವನು ಬರೆದಿದ್ದಾನೆ: ನಾಲ್ಕನೆಯ ತಾಸಿನಿಂದ ಎಂಟನೆಯ ತಾಸಿನವರೆಗೆ. ನಮ್ಮ ಗಡಿಯಾರದಲ್ಲಿ ಹೆಚ್ಚೂಕಡಿಮೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 2. ಸೂರ್ಯ ನೆತ್ತಿಯ ಮೇಲೆ ನಿಂತುಬಿಟ್ಟಿದ್ದಾನೆ, ಹಗಲಿಗೆ ಐವತ್ತು ತಾಸು ಅನ್ನಿಸುತ್ತದೆ. ಸನ್ಯಾಸಿ ಕಿಟಕಿಗೆ ಹೋಗುತ್ತಾನೆ, ಹೊರಗೆ ಬರುತ್ತಾನೆ, ಊಟದ ಹೊತ್ತಿಗೆ ಇನ್ನೆಷ್ಟು ಉಳಿಯಿತು ಎಂದು ಬಿಸಿಲು ನೋಡುತ್ತಾನೆ, ಆಚೀಚೆ ಯಾರಾದರೂ ಬರುತ್ತಿದ್ದಾರೆಯೇ ಎಂದು ಹಣುಕುತ್ತಾನೆ. ಆಮೇಲೆ ಇರುವ ಜಾಗದ ಮೇಲೆ, ಮಾಡುವ ಕೆಲಸದ ಮೇಲೆ ಒಲ್ಲೆತನ ಹುಟ್ಟುತ್ತದೆ. ಜೊತೆಯವರಲ್ಲಿ ಪ್ರೀತಿ ಉಳಿದಿಲ್ಲ, ತನ್ನನ್ನು ಕೇಳುವವರಿಲ್ಲ ಅನ್ನಿಸುತ್ತದೆ. ಇತ್ತೀಚೆಗೆ ಯಾರಾದರೂ ಒಂದು ಮಾತು ಅಂದಿದ್ದರೆ ಅದೂ ಈಗಲೇ ನೆನಪಾಗುತ್ತದೆ. ಕೊನೆಗೆ ಬೇರೆ ಊರು ಕಣ್ಣಿಗೆ ಕಟ್ಟುತ್ತದೆ, ಅಲ್ಲಿ ಕೆಲಸ ಹಗುರ, ಬದುಕು ಸಲೀಸು. ಬಿಟ್ಟು ಬಂದ ಬಂಧುಗಳು ನೆನಪಾಗುತ್ತಾರೆ, ಮುಂದೆ ಇದೇ ಕೋಣೆಯಲ್ಲಿ ಕಳೆಯಬೇಕಾದ ದೀರ್ಘ ಮುಪ್ಪು ಎದುರಿಗೆ ಬಂದು ನಿಲ್ಲುತ್ತದೆ.

ಮೇ ತಿಂಗಳ ನಡುಹಗಲನ್ನು ಚಿಂಚೋಳಿಯಲ್ಲೋ ವಾಡಿಯಲ್ಲೋ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಅಕೇಡಿಯಕ್ಕೆ ಆಮೇಲೆ ಒಂದು ಅನ್ಯಾಯ ಆಯಿತು. ಮರುಭೂಮಿಯ ತಿಳಿವನ್ನು ಲ್ಯಾಟಿನಿಗೆ ಒಯ್ದ ಕ್ಯಾಸಿಯನ್ ಆ ಗ್ರೀಕ್ ಮಾತನ್ನು ಹಾಗೇ ಉಳಿಸಿಕೊಂಡು, ಎದೆಯ ದಣಿವು, ಕಳವಳ ಎಂದು ಅರ್ಥ ಹೇಳಿದ. ಆರನೆಯ ಶತಮಾನದ ಕೊನೆಗೆ ಪೋಪ್ ಗ್ರೆಗೊರಿ ಪಟ್ಟಿಯನ್ನು ಏಳಕ್ಕೆ ಇಳಿಸುವಾಗ ಅದನ್ನು ದುಃಖದೊಳಗೆ ಸೇರಿಸಿಬಿಟ್ಟರು. ಮುಂದೆ ಅದೇ ಸಪ್ತ ಮಹಾಪಾಪಗಳ ಸಾಲಿನಲ್ಲಿ ಸೋಮಾರಿತನವಾಗಿ ಕೂತಿತು. ಕನ್ನಡದಲ್ಲೂ ಹಾಗೆ ಹೇಳುವುದೇ ರೂಢಿ. ನನಗೆ ಇದು ಒಪ್ಪುವುದಿಲ್ಲ. ಸೋಮಾರಿ ಬಿದ್ದಲ್ಲೇ ಬಿದ್ದುಕೊಂಡಿರುತ್ತಾನೆ. ಅಕೇಡಿಯ ಹಿಡಿದವನಿಗೆ ಕೂಡಲಾಗದು, ಅವನು ಓಡಾಡುತ್ತಾನೆ, ಹತ್ತು ಕೆಲಸಕ್ಕೆ ಕೈ ಹಾಕುತ್ತಾನೆ, ಹೊಸ ಹೊಸ ಯೋಜನೆ ಹಾಕುತ್ತಾನೆ. ಅವನನ್ನು ಮೈಗಳ್ಳ ಎಂದು ಬೈದರೆ ಕಾಯಿಲೆಯೂ ಸಿಕ್ಕಲಿಲ್ಲ, ಮದ್ದೂ ಸಿಕ್ಕಲಿಲ್ಲ. ಬ್ಯಾಸರ ಎಂದರೆ ಅವನ ಕಷ್ಟ ಅರ್ಥವಾಗುತ್ತದೆ.

ಮದ್ದಿನ ಮಾತಿಗೆ ಬಂದರೆ, ಸನ್ಯಾಸಿಗಳು ಮೊದಲು ಬಿಸಿಲಿಗೇ ಮರ್ಯಾದೆ ಕೊಟ್ಟರು. ಆರನೆಯ ಶತಮಾನದ ಇಟಲಿಯಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠಕ್ಕೆ ಬರೆದ ನಿಯಮಾವಳಿಯ 48ನೆಯ ಅಧ್ಯಾಯದಲ್ಲಿ ಬ್ಯಾಸಗಿಯ ದಿನಚರಿಯೇ ಬೇರೆ. ಈಸ್ಟರ್ ಹಬ್ಬದಿಂದ ಅಕ್ಟೋಬರ್ 1ರವರೆಗೆ ಬೆಳಗಿನಿಂದ ನಾಲ್ಕನೆಯ ತಾಸಿನತನಕ ಮೈಮುರಿದು ದುಡಿಮೆ, ಆರನೆಯ ತಾಸಿನತನಕ ಓದು, ಊಟವಾದ ಮೇಲೆ ಮಾತಿಲ್ಲದೆ ಹಾಸಿಗೆಯ ಮೇಲೆ ವಿಶ್ರಾಂತಿ, ಬಿಸಿಲು ಇಳಿದ ಮೇಲೆ ಮತ್ತೆ ದುಡಿಮೆ. ನಿದ್ದೆ ಬೇಡವಾದವರು ಓದಿಕೊಳ್ಳಬಹುದು, ಆದರೆ ಮಗ್ಗುಲಿನವರಿಗೆ ತೊಂದರೆಯಾಗದಂತೆ. ಆರನೆಯ ತಾಸಿನ ಲ್ಯಾಟಿನ್ ಹೆಸರು 'ಸೆಕ್ಸ್ತಾ'. ಸ್ಪೇನಿನವರು ಮಧ್ಯಾಹ್ನದ ನಿದ್ದೆಗೆ 'ಸಿಯೆಸ್ತಾ' ಅನ್ನುವುದು ಅದರಿಂದಲೇ. ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳು ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವಲ್ಲ, ಅದರ ಹಿಂದಿನ ತಿಳಿವಳಿಕೆಯೂ ಇದೇ. ಇದನ್ನು ಸೋಮಾರಿಗಳ ಸೌಲಭ್ಯ ಎಂದು ಆಡಿಕೊಳ್ಳುವವರು ಒಂದು ಬ್ಯಾಸಗಿ ಇಲ್ಲಿ ಕೆಲಸ ಮಾಡಿ ನೋಡಲಿ.

ವಿಶ್ರಾಂತಿ ಆದ ಮೇಲೂ ಬ್ಯಾಸರ ಉಳಿದರೆ? ಇದಕ್ಕೆ ಅಬ್ಬಾ ಅಂತೋನಿಯ ಕಥೆ ಇದೆ. ನಮ್ಮ ಊರುಗಳಲ್ಲಿ ಮೇಣದ ಬತ್ತಿ ಹಚ್ಚುವ ಪದುವಾದ ಅಂತೋನಿ ಅಲ್ಲ, ಅವರಿಗಿಂತ ಒಂಬತ್ತು ನೂರು ವರ್ಷ ಹಿಂದಿನ ಈಜಿಪ್ಟಿನ ಅಂತೋನಿ. ಬ್ಯಾಸರ ತಡೆಯಲಾರದೆ ದೇವರಲ್ಲಿ ದಾರಿ ಕೇಳಿದ. ಹೊರಗೆ ಬಂದು ನೋಡಿದರೆ ತನ್ನಂಥವನೇ ಒಬ್ಬ ಕೂತು ಹಗ್ಗ ಹೆಣೆಯುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಎದ್ದು ಪ್ರಾರ್ಥಿಸಿದ, ಮತ್ತೆ ಕೂತು ಹೆಣೆದ, ಮತ್ತೆ ಎದ್ದ. ಬಂದವನು ದೇವದೂತ ಎಂದು ಕಥೆ ಹೇಳುತ್ತದೆ. ಅಂತೋನಿಗೆ ಸಿಕ್ಕ ಉತ್ತರ ಇಷ್ಟೇ: ಕೈಗೊಂದು ಕೆಲಸ, ನಡುನಡುವೆ ಅದರಿಂದ ಏಳುವುದು, ಮತ್ತೆ ಅದಕ್ಕೇ ಮರಳುವುದು.

ಇದು ಈ ಮಣ್ಣಿಗೆ ಹೊಸದಲ್ಲ. ಬೀಸುವ ಕಲ್ಲಿನ ಪದಗಳು ಹುಟ್ಟಿದ್ದು ಹೀಗೇ. ನಸುಕಿನಲ್ಲಿ ಎದ್ದು ಜೋಳ ಬೀಸುವ ಹೆಣ್ಣುಮಕ್ಕಳು ಮೊದಲು ದೇವರನ್ನು ನೆನೆದು, ಆಮೇಲೆ ತವರನ್ನು, ಅಣ್ಣತಮ್ಮಂದಿರನ್ನು ನೆನೆದು ಹಾಡುತ್ತಿದ್ದರು. ಈಜಿಪ್ಟಿನ ಪಖೋಮಿಯಸ್‌ನ ಮಠಗಳಲ್ಲಿ ಗರಿ ಹೆಣೆಯುತ್ತ ಶಾಸ್ತ್ರವಚನ ಬಾಯಿಪಾಠ ಹೇಳುತ್ತಿದ್ದ ಸನ್ಯಾಸಿಗಳು ಮಾಡಿದ್ದೂ ಅದನ್ನೇ. ಚಿಂಚೋಳಿಯ ಆಚೆಯ ಬಸವಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದ ಶರಣರು ಕಾಯಕಕ್ಕೆ ಕೊಟ್ಟ ಜಾಗವೂ ಇದಕ್ಕೆ ತೀರ ಹತ್ತಿರ. ಆಯ್ದಕ್ಕಿ ಮಾರಯ್ಯ ಶಿವಾನುಭವದ ಮಾತಿನಲ್ಲಿ ಮುಳುಗಿ ಅಕ್ಕಿ ಆಯುವ ಕಾಯಕ ಮರೆತಾಗ ಎಚ್ಚರಿಸಿದವಳು ಹೆಂಡತಿ ಲಕ್ಕಮ್ಮ. ಅವನು ಹೆಚ್ಚಾಗಿ ಅಕ್ಕಿ ತಂದ ದಿನ ಅದನ್ನು ತಿರುಗಿ ಸುರಿದು ಬಾ ಎಂದವಳೂ ಅವಳೇ.

ಕ್ಯಾಸಿಯನ್ ಹೇಳುವ ಇನ್ನೊಂದು ಕಥೆ ಮಾತ್ರ ನನಗೆ ರುಚಿಸುವುದಿಲ್ಲ. ಅಬ್ಬಾ ಪೌಲ ಎಂಬವನು ಪೇಟೆಯಿಂದ ಏಳು ದಿನದ ದಾರಿಯಷ್ಟು ಒಳಗಿದ್ದ. ಬುಟ್ಟಿ ಹೆಣೆದರೆ ಮಾರಿದ ದುಡ್ಡಿಗಿಂತ ಸಾಗಿಸುವ ಬಾಡಿಗೆಯೇ ಹೆಚ್ಚು. ಆದರೂ ದಿನವೂ ಹೆಣೆದು ಗವಿಯಲ್ಲಿ ಒಟ್ಟಿ, ವರ್ಷಕ್ಕೊಮ್ಮೆ ಎಲ್ಲಕ್ಕೂ ಬೆಂಕಿ ಇಡುತ್ತಿದ್ದ. ಖರ್ಜೂರ ತಿಂದು ಒಬ್ಬನೇ ಇದ್ದವನಿಗೆ ಅದು ಸರಿಹೋಗಿರಬಹುದು. ದುಡಿದದ್ದು ಯಾರದಾದರೂ ಹೊಟ್ಟೆಗೆ ಹೋಗಬೇಕು ಎಂಬ ಲಕ್ಕಮ್ಮನ ಲೆಕ್ಕವೇ ನನಗೆ ದೊಡ್ಡದು.

ಇವಾಗ್ರಿಯಸ್‌ನ ಕೋಣೆಯನ್ನು ಇವತ್ತು ನೋಡಬೇಕೆಂದರೆ ನಾನು ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಬಾಡಿಗೆ ಖೋಲಿಗಳನ್ನು ತೋರಿಸುತ್ತೇನೆ. ಸಂವಿಧಾನದ 371(ಜೆ) ಕಲಂ ಬಂದ ಮೇಲೆ ನೌಕರಿಯ ಆಸೆಗೆ ಒಂದು ಆಧಾರ ಸಿಕ್ಕಿದೆ. ಸೇಡಂ, ಚಿತ್ತಾಪುರ, ಚಿಂಚೋಳಿಯ ಹಳ್ಳಿಗಳಿಂದ ಮಕ್ಕಳು ಕಲಬುರಗಿಗೆ ಬಂದು ಪಿಡಿಒ, ಪಿಎಸ್‌ಐ, ಎಫ್‌ಡಿಎ ಎಂದು ವರ್ಷಗಟ್ಟಲೆ ಓದುತ್ತಾರೆ. ಮೇಲೆ ತಗಡು, ಒಳಗೊಂದು ಫ್ಯಾನು. ಅಧಿಸೂಚನೆ ಮುಂದಕ್ಕೆ ಹೋಗುತ್ತದೆ. ನಡುಹಗಲು ಬಂತೆಂದರೆ ಪುಸ್ತಕ ಮಡಚಿ, ಮೊಬೈಲು ತೆಗೆದು, ಧಾರವಾಡಕ್ಕೆ ಹೋಗಿದ್ದರೆ ಆಗುತ್ತಿತ್ತು ಅನ್ನಿಸುತ್ತದೆ. ಧಾರವಾಡದಲ್ಲಿರುವವರಿಗೆ ಅದೇ ಹೊತ್ತಿಗೆ ಬೆಂಗಳೂರು ಅನ್ನಿಸುತ್ತಿರುತ್ತದೆ. ಹಿರಿಯರು 'ಯಾಕಪಾ ತಮ್ಮಾ, ಓದಲಾಕ ಏನಾಗ್ಯಾದ?' ಎಂದು ಗದರುತ್ತಾರೆ. ಹುಡುಗ 'ಬ್ಯಾಸರ ಆಗ್ಯಾದ ಕಾಕಾ' ಅನ್ನುತ್ತಾನೆ. ಅವನು ನಿಜ ಹೇಳಿದ್ದಾನೆ, ಆದರೆ ಕೇಳಿಸಿಕೊಂಡವರು ಅದನ್ನು ಸೋಮಾರಿತನ ಎಂದು ತಿಳಿದುಕೊಳ್ಳುತ್ತಾರೆ.

ಈ ಮಕ್ಕಳಿಗೆ ಮರುಭೂಮಿಯ ಒಂದು ಕಥೆ ಮುಟ್ಟಿಸಬೇಕು. ಒಬ್ಬ ತಂದೆ ಮುಳ್ಳುಕಸ ಬೆಳೆದು ಹಾಳಾದ ಹೊಲ ಸ್ವಚ್ಛ ಮಾಡಲು ಮಗನನ್ನು ಕಳಿಸಿದ. ಮಗ ಹೊಲದ ತುಂಬ ಇದ್ದ ಕಸ ನೋಡಿ ಎದೆಗೆಟ್ಟು ಅಲ್ಲೇ ಮಲಗಿಬಿಟ್ಟ. ದಿನಾ ಹೀಗೇ ಆಯಿತು. ತಂದೆ ಬಂದು ನೋಡಿ ಬೈಯಲಿಲ್ಲ. ನೀನು ಮಲಗಿದರೆ ಎಷ್ಟು ಜಾಗ ಹಿಡಿಯುತ್ತೀಯೋ ದಿನಕ್ಕೆ ಅಷ್ಟೇ ಜಾಗದ ಕಸ ತೆಗಿ ಎಂದ. ಕೆಲವೇ ದಿನಕ್ಕೆ ಹೊಲ ಹಸನಾಯಿತು. ತೊಗರಿ ಹೊಲದಲ್ಲಿ ಕುರ್ಪಿ ಹಿಡಿದು ಕೂತವರಿಗೆ ಇದು ಗೊತ್ತಿರುವ ಸಂಗತಿ. ಅವರು ಬದುವಿನ ತುದಿ ನೋಡುತ್ತ ಕೂಡುವುದಿಲ್ಲ, ಮುಂದಿನ ಸಾಲು ನೋಡುತ್ತಾರೆ. ಅದೇ ತಾಯಂದಿರ ಮಕ್ಕಳು ಸಾವಿರ ಪುಟದ ಪಠ್ಯಕ್ರಮವನ್ನು ಒಮ್ಮೆಲೇ ನೋಡಿ ಮಲಗಿಬಿಡುತ್ತಾರೆ.

ಇಲ್ಲಿ ಒಂದು ಗೆರೆ ಎಳೆಯಲೇಬೇಕು. ಬ್ಯಾಸರ ಬಂದಾಗ ಕೋಣೆ ಬಿಟ್ಟು ಹೋಗಬೇಡ ಎಂಬುದು ಇವಾಗ್ರಿಯಸ್‌ನ ಮುಖ್ಯ ಮಾತು. ಅದನ್ನು ಶಹಾಬಾದಿನ ಫರಸಿ ಗಣಿಯಲ್ಲಿ ಉರಿಬಿಸಿಲಲ್ಲಿ ಸುತ್ತಿಗೆ, ಉಳಿ ಹಿಡಿದು ಪದರ ಪದರವಾಗಿ ಕಲ್ಲು ಎಬ್ಬಿಸುವವನಿಗೆ ಹೇಳುವ ಹಕ್ಕು ಯಾರಿಗೂ ಇಲ್ಲ. ಚಿಂಚೋಳಿಯ ತಾಂಡಾಗಳಿಂದ ಕೂಸುಕುನ್ನಿ ಕಟ್ಟಿಕೊಂಡು ಹೈದರಾಬಾದು, ಪುಣೆ, ಮುಂಬೈಗೆ ಗುಳೆ ಹೋಗುವವರಿಗೂ ಹಾಗೆ ಹೇಳುವಂತಿಲ್ಲ. ಅವರನ್ನು ಊರು ಬಿಡಿಸಿದ್ದು ಹೊಟ್ಟೆ, ಕೂಲಿ, ಸಾಲ. ಅದಕ್ಕೆ ಬ್ಯಾಸರ ಎಂದು ಹೆಸರಿಟ್ಟು ಉಪದೇಶ ಕೊಟ್ಟರೆ ಅದು ಕ್ರೌರ್ಯ. ಮರುಭೂಮಿಯ ಆ ಸನ್ಯಾಸಿಗಳೇ ಸುಗ್ಗಿ ಬಂದಾಗ ಕೋಣೆ ಬಿಟ್ಟು ನೈಲ್ ನದಿಯ ಬಯಲಿಗೆ ಇಳಿದು ಕೂಲಿಗೆ ಕೊಯ್ಲು ಮಾಡುತ್ತಿದ್ದರು. ಹಾಗೆಯೇ ವಾರಗಟ್ಟಲೆ ನಿದ್ದೆ, ಊಟ ಸೇರದೆ ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಡಾಕ್ಟರ್ ನೋಡಬೇಕಾದ ಬೇನೆ. ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ದುಡ್ಡು ಬೀಳುವುದಿಲ್ಲ.

ಬ್ಯಾಸರದೊಳಗೆ ಮುನಿಸೂ ಇದೆ ಎಂದೆನಲ್ಲ, ಅದರ ಬಗ್ಗೆ ಒಂದು ಮಾತು ಉಳಿಯಿತು. ಹೊತ್ತು ಹೋಗದಿರುವುದಕ್ಕೂ ಒಬ್ಬರ ಮೇಲೆ ಮನಸ್ಸು ಮುರಿಯುವುದಕ್ಕೂ ಅನೇಕ ಭಾಷೆಗಳಲ್ಲಿ ಬೇರೆ ಬೇರೆ ಮಾತುಗಳಿವೆ. ಕನ್ನಡ ಎರಡನ್ನೂ ಕೂಡಿಯೇ ಇಟ್ಟಿತು. ಇವಾಗ್ರಿಯಸ್ ಕಂಡದ್ದೂ ಅದನ್ನೇ: ಖಾಲಿ ನಡುಹಗಲಿನಲ್ಲೇ ಯಾರೋ ಆಡಿದ ಮಾತು ಏಳುತ್ತದೆ, ನನ್ನನ್ನು ಯಾರೂ ಕೇಳುವುದಿಲ್ಲ ಎಂಬುದು ಖರೆ ಅನ್ನಿಸತೊಡಗುತ್ತದೆ. ಆಗ ಮನಸ್ಸನ್ನು ಎರಡು ಪಾಲು ಮಾಡಿಕೊ, ಒಂದು ಪಾಲು ಅಳಲಿ, ಇನ್ನೊಂದು ಅದಕ್ಕೆ ಸಮಾಧಾನ ಹೇಳಲಿ ಎಂದು ಅವನು ದಾರಿ ತೋರಿಸುತ್ತಾನೆ. ಅವನಿಗೆ ಆ ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ನಮ್ಮ ಖೋಲಿಗಳಲ್ಲಿ ಮೂವರು ನಾಲ್ವರು ಇರುತ್ತಾರೆ. ಬೆನೆಡಿಕ್ಟ್ ಓದಿನ ಹೊತ್ತಿಗೆ ಒಬ್ಬಿಬ್ಬರು ಹಿರಿಯರನ್ನು ಮಠದೊಳಗೆ ತಿರುಗಲು ಹಚ್ಚುತ್ತಿದ್ದರು, ಯಾವ ತಮ್ಮನಿಗೆ ಬ್ಯಾಸರ ಹಿಡಿದಿದೆ ಎಂದು ನೋಡಲು. ಸಿಕ್ಕಿಬಿದ್ದವನಿಗೆ ಅಲ್ಲಿ ಗದರಿಕೆ ಕಾದಿರುತ್ತಿತ್ತು. ನಮ್ಮ ಕಡೆ ಗದರಿಕೆಗೇನೂ ಬರವಿಲ್ಲ. ಮಧ್ಯಾಹ್ನ ಎರಡರ ಬಿಸಿಲಲ್ಲಿ ಯಾರಾದರೂ ಬಾಗಿಲು ತಳ್ಳಿ 'ಉಂಡಿ ಇಲ್ಲೋ ತಮ್ಮಾ? ನಡಿ, ಚಾ ಕುಡ್ಕೊಂಡು ಬರೋಣು' ಅಂದರೆ ಸಾಕು, ಮುಂದಿನ ಪುಟಕ್ಕೆ ಅವನೇ ಕೂಡುತ್ತಾನೆ.