ಗೂಡ್, ರಾಯ್

ರಾಯ್ ಗೂಡ್ (ಜನನ 1933) ಇಂಗ್ಲೆಂಡಿನ ನ್ಯಾಯಶಾಸ್ತ್ರಜ್ಞ, ಬ್ಯಾರಿಸ್ಟರ್. ಬ್ಯಾಂಕ್ ಸಾಲ, ಸಾಲದ ಆಧಾರ ಮತ್ತು ಕಂಪನಿಗಳ ದಿವಾಳಿತನದ ಕಾನೂನಿನಲ್ಲಿ ಹೆಸರಾದ ವಿದ್ವಾಂಸ. ಇವರ ವೃತ್ತಿಜೀವನ ರೂಢಿಯ ದಾರಿಯಲ್ಲಿ ಸಾಗಲಿಲ್ಲ. 1955ರಲ್ಲಿ ಸಾಲಿಸಿಟರ್ ಆದರು. ಹಲವು ವರ್ಷ ವಕೀಲಿ ಮಾಡಿದ ಮೇಲೆ 1971ರಲ್ಲಿ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನ ಪ್ರಾಧ್ಯಾಪಕರಾದರು. 1988ರಲ್ಲಿ ಬ್ಯಾರಿಸ್ಟರ್ ಆದರು. 1990ರಲ್ಲಿ ಕ್ವೀನ್ಸ್ ಕೌನ್ಸೆಲ್ ಪದವಿಯೂ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪೀಠವೂ ದೊರೆತವು. 2000ದಲ್ಲಿ ಸರ್ ಬಿರುದು ಬಂತು. ಗೆದ್ದ ಮೊಕದ್ದಮೆಗಳಿಂದಾಗಲಿ ಬರೆದ ಪುಟಗಳಿಂದಾಗಲಿ ಇವರ ಮಹತ್ತ್ವವನ್ನು ಅಳೆಯಲಾಗದು. ವ್ಯಾಪಾರಿಗಳ ಚದುರಿದ ರೂಢಿಗಳನ್ನು ಶಾಸನಸಭೆ, ನ್ಯಾಯಾಲಯಗಳು ಬಳಸಬಲ್ಲ ನಿಯಮಗಳಾಗಿ ಹೊಂದಿಸಿದ್ದೇ ಇವರ ಮುಖ್ಯ ಸಾಧನೆ.

ಇದಕ್ಕೆ ಆಧಾರಗಳು ಹಲವು. ಗ್ರಾಹಕ ಸಾಲವನ್ನು ಪರಿಶೀಲಿಸಿದ ಕ್ರೌದರ್ ಸಮಿತಿಯಲ್ಲಿ ಇವರು ಸದಸ್ಯರಾಗಿದ್ದರು. ಕಂತಿನ ಖರೀದಿಗೊಂದು, ಲೇವಾದೇವಿಗೊಂದು ಎಂದು ಬೇರೆಬೇರೆ ಕಾನೂನುಗಳಿದ್ದ ಕಾಲದಲ್ಲಿ, ಕಾಗದಪತ್ರದ ರೂಪ ಏನೇ ಇರಲಿ ಸಾಲವನ್ನು ಸಾಲವೆಂದೇ ಕಾಣಬೇಕು ಎಂದು ಸಮಿತಿಯ 1971ರ ವರದಿ ವಾದಿಸಿತು. 1974ರ ಗ್ರಾಹಕ ಸಾಲ ಕಾಯಿದೆ ಅದರ ಫಲ. 1980ರಲ್ಲಿ ಇವರು ಕ್ವೀನ್ ಮೇರಿಯಲ್ಲಿ ವಾಣಿಜ್ಯ ಕಾನೂನಿನ ಅಧ್ಯಯನ ಕೇಂದ್ರವನ್ನು ಕಟ್ಟಿದರು. 1982ರಲ್ಲಿ 'ಕಮರ್ಷಿಯಲ್ ಲಾ' ಗ್ರಂಥ ಪ್ರಕಟವಾಯಿತು. ಪತ್ರಿಕೋದ್ಯಮಿ ರಾಬರ್ಟ್ ಮ್ಯಾಕ್ಸ್‌ವೆಲ್ 1991ರಲ್ಲಿ ಸತ್ತ ಬಳಿಕ ನೌಕರರ ಪಿಂಚಣಿ ನಿಧಿಯ ದುರುಪಯೋಗ ಬಯಲಾದಾಗ, ಪಿಂಚಣಿ ಕಾನೂನಿನ ಪುನರ್ವಿಮರ್ಶೆಗೆ ನೇಮಿಸಿದ ಸಮಿತಿಗೆ ಇವರೇ ಅಧ್ಯಕ್ಷರಾದರು. ಅದರ 1993ರ ವರದಿ 1995ರ ಪಿಂಚಣಿ ಕಾಯಿದೆಗೆ ತಳಹದಿಯಾಯಿತು.

ಇವರ ವಾದಗಳು ಕೋರ್ಟಿನಲ್ಲಿ ನಿಲ್ಲಲಿಲ್ಲ ಎಂಬ ಆಕ್ಷೇಪವುಂಟು. ಗ್ರಾಹಕನ ಠೇವಣಿ ಎಂದರೆ ಬ್ಯಾಂಕು ಅವನಿಗೆ ಕೊಡಬೇಕಾದ ಸಾಲ. ಹಾಗಿರುವಾಗ ಬ್ಯಾಂಕು ಅದನ್ನೇ ತನಗೆ ಆಧಾರವಾಗಿ ಹೇಗೆ ಪಡೆದೀತು, ತನ್ನ ಮೇಲೆ ತಾನೇ ದಾವೆ ಹೂಡೀತೆ ಎಂದು ಗೂಡ್ ಕೇಳಿದ್ದರು. 1986ರಲ್ಲಿ ನ್ಯಾಯಮೂರ್ತಿ ಮಿಲೆಟ್ ಇದೇ ನಿಲುವು ತಳೆದರು; ಆದರೆ 1997ರಲ್ಲಿ ಬಿ.ಸಿ.ಸಿ.ಐ. ಬ್ಯಾಂಕಿನ ಪ್ರಕರಣದಲ್ಲಿ ಲಾರ್ಡ್ ಹಾಫ್‌ಮನ್ ಅದನ್ನು ಒಪ್ಪಲಿಲ್ಲ. ದಾವೆ ಬೇಕಿಲ್ಲ, ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಬರೆದುಕೊಂಡರೆ ಸಾಕು ಎಂಬುದು ಅವರ ಉತ್ತರ. ಆದರೆ ಆ ಉತ್ತರ ಹುಟ್ಟಿದ್ದೇ ಪ್ರಶ್ನೆಯನ್ನು ಅಷ್ಟು ಮೊನಚಾಗಿ ಎತ್ತಿದ್ದರಿಂದ. ಇನ್ನೊಂದು ಆಕ್ಷೇಪ, ಇಂಥ ಪಾಂಡಿತ್ಯ ಹಣದವರ ಪರ ಎಂಬುದು. ಆಕ್ಸ್‌ಫರ್ಡಿನ ಆ ಪೀಠಕ್ಕೆ ವಕೀಲರ ಸಂಸ್ಥೆಯೊಂದರ ಹೆಸರಿದ್ದುದೂ, ಇವರು ಅಧಿಕೃತ ವ್ಯಾಖ್ಯಾನ ಬರೆದ 2001ರ ಕೇಪ್‌ಟೌನ್ ಒಡಂಬಡಿಕೆ ವಿಮಾನಗಳಿಗೆ ಸಾಲ ಕೊಟ್ಟವರ ಹಕ್ಕನ್ನು ಬಲಪಡಿಸುವುದೂ ನಿಜ. ಆದರೆ ಗ್ರಾಹಕ ಸಾಲ, ಪಿಂಚಣಿ ಇವೆರಡರಲ್ಲೂ ಇವರ ದುಡಿಮೆ ದುರ್ಬಲರ ಪರವಾಗಿತ್ತು. ಅಲ್ಲದೆ ಸಾಲ ಕೊಟ್ಟವನ ಹಕ್ಕು ಅಸ್ಪಷ್ಟವಾದರೆ ಮುಂದಿನ ಸಾಲ ದುಬಾರಿಯಾಗುತ್ತದೆ. ಆ ಹೊರೆ ಕೊನೆಗೆ ಸಾಲಗಾರನ ಮೇಲೇ ಬೀಳುತ್ತದೆ. ಇಂಥ ಅಸ್ಪಷ್ಟತೆಗೆ ಒಂದು ಉದಾಹರಣೆ: 2023ರಲ್ಲಿ ಭಾರತದ ಗೋ ಫಸ್ಟ್ ವಿಮಾನಯಾನ ಕಂಪನಿ ದಿವಾಳಿ ಪ್ರಕ್ರಿಯೆಗೆ ಒಳಗಾದಾಗ ಬಾಡಿಗೆಗೆ ಕೊಟ್ಟವರು ವಿಮಾನಗಳನ್ನು ಹಿಂಪಡೆಯಲು ತಿಂಗಳುಗಟ್ಟಲೆ ಕಾಯಬೇಕಾಯಿತು. 2008ರಲ್ಲೇ ಕೇಪ್‌ಟೌನ್ ಒಡಂಬಡಿಕೆಗೆ ಸೇರಿದ್ದ ಭಾರತ, ಅದನ್ನು ಜಾರಿಗೆ ತರುವ ಪ್ರತ್ಯೇಕ ಕಾಯಿದೆ ಮಾಡಿದ್ದು 2025ರಲ್ಲಿ.