ಸಂಪರ್ಕ ಸಮಸ್ಯೆಗಳ ಅಭಿಸರಣ

ಒಂದನ್ನೊಂದು ಒತ್ತುವ ಯಂತ್ರಭಾಗಗಳ ಪೀಡನವನ್ನು, ವಸ್ತುವನ್ನು ಸಣ್ಣ ತುಣುಕುಗಳ ಜಾಲರಿಯಾಗಿ ಒಡೆದು ನೋಡುವ ಫೈನೈಟ್ ಎಲಿಮೆಂಟ್ ವಿಧಾನದಿಂದ ಲೆಕ್ಕ ಹಾಕುವಾಗ, ಸುತ್ತುಸುತ್ತಾಗಿ ನಡೆಯುವ ಲೆಕ್ಕ ಕೊನೆಗೊಂದು ಉತ್ತರದಲ್ಲಿ ನೆಲೆ ನಿಲ್ಲುವುದನ್ನು ಅಭಿಸರಣ ಎನ್ನುತ್ತಾರೆ. ಎಂಜಿನಿಯರುಗಳ ಬಾಯಲ್ಲಿ ಅದು ಕನ್ವರ್ಜ್ ಆಗುವುದು. ಈ ಬಗೆಯ ಲೆಕ್ಕಗಳು ಮಹಾ ಹಟಮಾರಿಗಳು. ಲೋಹ ತನ್ನ ಸ್ಥಿತಿಸ್ಥಾಪಕ ಮಿತಿಯೊಳಗೇ ಇದ್ದರೂ, ಭಾಗಗಳು ಬಾಗುವುದು ಕೂದಲೆಳೆಯಷ್ಟೇ ಆದರೂ, ಎಲ್ಲಿ ತಾಗಿದೆ, ಎಲ್ಲಿ ಬಿಟ್ಟಿದೆ ಎಂಬುದು ಮೊದಲು ತಿಳಿದಿರುವುದಿಲ್ಲ. ತಾಗಿದ ಜಾಗ ಗೊತ್ತಾಗಲು ಬಲ ಗೊತ್ತಿರಬೇಕು, ಬಲ ಗೊತ್ತಾಗಲು ತಾಗಿದ ಜಾಗ ಗೊತ್ತಿರಬೇಕು. ಈ ಗಂಟನ್ನು ಬಿಡಿಸುವ ಪ್ರಯತ್ನಗಳ ಚರಿತ್ರೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೊಂದು ಪಾಲಿದೆ. ಅದಕ್ಕೆ ಸಲ್ಲಬೇಕಾದಷ್ಟು ಹೆಸರು ಸಂದಿಲ್ಲ.

ಸಂಪರ್ಕ ಶಾಸ್ತ್ರದ ಆರಂಭವನ್ನು ಜರ್ಮನಿಯ ಹೈನ್ರಿಕ್ ಹರ್ಟ್ಸ್‌ನಿಂದ ಗುರುತಿಸುವುದು ವಾಡಿಕೆ. ರೇಡಿಯೋ ಅಲೆಗಳ ಪ್ರಯೋಗದಿಂದ ಪ್ರಸಿದ್ಧನಾದ ಅದೇ ಹರ್ಟ್ಸ್. ಬರ್ಲಿನ್‌ನಲ್ಲಿ ಭೌತವಿಜ್ಞಾನಿ ಹೆಲ್ಮ್‌ಹೋಲ್ಟ್ಸ್‌ನ ಸಹಾಯಕನಾಗಿದ್ದಾಗ, 1880ರ ಕ್ರಿಸ್ಮಸ್ ರಜೆಯಲ್ಲಿ, ಒಂದರ ಮೇಲೊಂದಿಟ್ಟ ಗಾಜಿನ ಮಸೂರಗಳು ಒತ್ತಡದಿಂದ ಎಷ್ಟು ಚಪ್ಪಟೆಯಾಗುತ್ತವೆ ಎಂದು ಅವನು ಲೆಕ್ಕ ಹಾಕಿದ. ಆಗ ಅವನಿಗೆ 23 ವರ್ಷ. ಎರಡು ಗೋಳಗಳು ಒತ್ತಿದಾಗ ಮೂಡುವ ವೃತ್ತದ ತ್ರಿಜ್ಯ ಭಾರದ ಘನಮೂಲದಂತೆ ಬೆಳೆಯುತ್ತದೆ, ಅಂದರೆ ವೃತ್ತದ ಅಗಲ ಎರಡರಷ್ಟಾಗಲು ಭಾರ ಎಂಟರಷ್ಟಾಗಬೇಕು. ಬೇರಿಂಗ್, ಗೇರು, ರೈಲುಗಾಲಿಗಳ ವಿನ್ಯಾಸ ಇಂದಿಗೂ ಈ ಸೂತ್ರವನ್ನು ಬಿಟ್ಟಿಲ್ಲ. ಆದರೆ ಸೂತ್ರ ಹೊಂದುವುದು ತಾಗುವ ಜಾಗ ವಸ್ತುವಿನ ಗಾತ್ರಕ್ಕಿಂತ ತೀರ ಚಿಕ್ಕದಾಗಿದ್ದಾಗ ಮಾತ್ರ. ರಂಧ್ರದೊಳಗೆ ಕೂತ ಪಿನ್ನಿಗೆ ಅದು ಒಗ್ಗದು.

ಗಣಿತದ ಕಡೆಯಿಂದ ಇಟಲಿಯ ಆಂಟೋನಿಯೊ ಸಿಗ್ನೊರಿನಿ 1933ರಲ್ಲಿ ಪ್ರಶ್ನೆಯನ್ನು ಎತ್ತಿದ. ಗಡಿಯ ಪ್ರತಿ ಬಿಂದುವಿನಲ್ಲೂ ಒಂದೋ ಅಂತರ ಸೊನ್ನೆ, ಇಲ್ಲವೇ ಒತ್ತಡ ಸೊನ್ನೆ. ಯಾವ ಬಿಂದುವಿನಲ್ಲಿ ಯಾವುದು ಎಂಬುದನ್ನು ಉತ್ತರವೇ ಹೇಳಬೇಕು. ಇಂಥ ಪ್ರಶ್ನೆಗೆ ಉತ್ತರವೊಂದು ಇದ್ದೇ ಇದೆ ಎಂದು ಸಾಧಿಸಲು ಮೂವತ್ತು ವರ್ಷ ಹಿಡಿಯಿತು. ಅವನ ಶಿಷ್ಯ ಗೇಟಾನೊ ಫಿಕೇರಾ ಅದನ್ನು ಸಾಧಿಸಿದ್ದು 1963ರಲ್ಲಿ. ಗುರು ತೀರಿಕೊಂಡದ್ದೂ ಅದೇ ವರ್ಷ.

ಅಷ್ಟರಲ್ಲಿ ಫೈನೈಟ್ ಎಲಿಮೆಂಟ್ ವಿಧಾನ ವಿಮಾನ ಉದ್ಯಮದಲ್ಲಿ ಬೇರೂರಿತ್ತು. ಟರ್ನರ್, ಕ್ಲಫ್, ಮಾರ್ಟಿನ್, ಟಾಪ್ ಇವರ ಲೇಖನ 1956ರದು. ವಿಧಾನಕ್ಕೆ ಹೆಸರು ಕೊಟ್ಟದ್ದು 1960ರಲ್ಲಿ ಕ್ಲಫ್. ಸಂಪರ್ಕ ಸಮಸ್ಯೆಗೆ ಅದನ್ನು ಹಚ್ಚುವ ಲೇಖನಗಳು 1970ರ ಸುಮಾರಿಗೆ ಕಾಣಿಸಿಕೊಂಡವು. ಆಗಿನ ಕ್ರಮ ನೇರವಾದದ್ದು. ತಾಗಿದ ಜಾಗವನ್ನು ಊಹಿಸಿ ಲೆಕ್ಕ ಮಾಡುವುದು, ಎಳೆತ ಬಂದ ಕಡೆ ಬಿಡಿಸುವುದು, ಒಂದರೊಳಗೊಂದು ತೂರಿದ ಕಡೆ ಕೂಡಿಸುವುದು, ಮತ್ತೆ ಲೆಕ್ಕ ಮಾಡುವುದು. ಕೆಲವೊಮ್ಮೆ ಒಂದೇ ಬಿಂದು ಒಂದು ಸುತ್ತಿನಲ್ಲಿ ತಾಗಿ, ಮುಂದಿನದರಲ್ಲಿ ಬಿಟ್ಟು, ಕೊನೆಯಿಲ್ಲದೆ ಓಲಾಡುತ್ತಿತ್ತು. ಈ ರೋಗ ಇಂದಿನ ಸಾಫ್ಟ್‌ವೇರಿನಲ್ಲೂ ವಾಸಿಯಾಗಿಲ್ಲ.

ಬೆಂಗಳೂರಿನಲ್ಲಿ ಪ್ರಶ್ನೆ ಹುಟ್ಟಿದ್ದು ವಿಮಾನದಿಂದ. 1940ರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ, 1942ರಲ್ಲಿ ವಿಜ್ಞಾನ ಸಂಸ್ಥೆಯ ಏರೋನಾಟಿಕ್ಸ್ ವಿಭಾಗ, 1959ರಲ್ಲಿ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ. 1961ರಲ್ಲಿ ಇದೇ ಊರಿನಿಂದ ಮರುತ್ ಯುದ್ಧವಿಮಾನ ಹಾರಿತು. ವಿಮಾನದ ರೆಕ್ಕೆಯನ್ನು ಒಡಲಿಗೆ ಹಿಡಿದಿಡುವುದು ಕಿವಿಯಂಥ ಲಗ್ಗು ಮತ್ತು ಅದರ ರಂಧ್ರದೊಳಗಿನ ಪಿನ್ನು. ಲೋಹದ ದಣಿವಿನಿಂದ ಬಿರುಕು ಬಿಡುವುದು ಹೆಚ್ಚಾಗಿ ಈ ರಂಧ್ರದ ಅಂಚಿನಲ್ಲೇ. ಪಿನ್ನು ರಂಧ್ರಕ್ಕಿಂತ ತುಸು ದಪ್ಪಗಿದ್ದು ಬಿಗಿಯಾಗಿ ಕೂರಬಹುದು, ಸರಿಯಾಗಿ ಕೂರಬಹುದು ಅಥವಾ ಸಡಿಲವಾಗಿರಬಹುದು. ಮೂರರ ನಡತೆಯೂ ಬೇರೆ. ಬಿಗಿ ಪಿನ್ನು ಭಾರ ಒಂದು ಮಿತಿ ದಾಟುವವರೆಗೂ ಸುತ್ತಲೂ ತಾಗಿಯೇ ಇದ್ದು, ಆಮೇಲೆ ಒಂದು ಮಗ್ಗುಲಲ್ಲಿ ಬಿಡತೊಡಗುತ್ತದೆ. ಸಡಿಲ ಪಿನ್ನು ಒಂದು ಬಿಂದುವಿನಲ್ಲಿ ತಾಗಿ, ಭಾರ ಏರಿದಂತೆ ಹರಡಿಕೊಳ್ಳುತ್ತದೆ. ಸರಿಯಳತೆಯ ಪಿನ್ನಿನದು ವಿಚಿತ್ರ: ಭಾರ ಬಿದ್ದ ಕ್ಷಣವೇ ತಾಗಿದ ಕಮಾನು ಇಷ್ಟೇ ಎಂದು ಗೊತ್ತಾಗಿಬಿಡುತ್ತದೆ, ಭಾರ ಎಷ್ಟೇ ಏರಿದರೂ ಅದು ಕದಲುವುದಿಲ್ಲ.

ಈ ಮೂರನ್ನೂ ಒಂದೇ ಚೌಕಟ್ಟಿಗೆ ತಂದವರು ವಿಜ್ಞಾನ ಸಂಸ್ಥೆಯ ಪ್ರೊ. ಎ.ಕೆ. ರಾವ್. ‘ಕಂಪ್ಯೂಟರ್ಸ್ ಅಂಡ್ ಸ್ಟ್ರಕ್ಚರ್ಸ್’ ಪತ್ರಿಕೆಯಲ್ಲಿ 1978ರಲ್ಲಿ ಬಂದ ಪಿನ್ ಜೋಡಣೆಗಳ ಲೇಖನದ ಜಾಣ್ಮೆಯಿರುವುದು ಪ್ರಶ್ನೆಯನ್ನು ತಿರುಗಿಸಿದ್ದರಲ್ಲಿ. ಇಂತಿಷ್ಟು ಭಾರಕ್ಕೆ ಎಷ್ಟು ಕಮಾನು ತಾಗುತ್ತದೆ ಎಂದು ಕೇಳಿದರೆ ಊಹೆ, ತಿದ್ದುಪಡಿ, ಮತ್ತೆ ಊಹೆ. ಇಂತಿಷ್ಟು ಕಮಾನು ತಾಗಬೇಕಾದರೆ ಭಾರ ಎಷ್ಟಿರಬೇಕು ಎಂದು ಕೇಳಿದರೆ ಗಡಿ ಗೊತ್ತಿದೆ, ಹಾಗಾಗಿ ಸಮೀಕರಣ ಸರಳ. ಕಮಾನಿನ ತುದಿಯಲ್ಲಿ ಒತ್ತಡ ಸೊನ್ನೆಯಾಗಬೇಕೆಂಬ ಶರತ್ತೇ ಭಾರವನ್ನು ಹೇಳಿಬಿಡುತ್ತದೆ. ಪುನರಾವರ್ತನೆಯೇ ಇಲ್ಲವೆಂದ ಮೇಲೆ ಅಭಿಸರಣದ ಚಿಂತೆಯೂ ಇಲ್ಲ. ಇದನ್ನು ವಿಲೋಮ ವಿಧಾನ ಎನ್ನಬಹುದು. ಪಿ.ಡಿ. ಮಂಗಲ್‌ಗಿರಿ, ಬಿ. ದತ್ತಗುರು ಮತ್ತು ರಾವ್ ಅದನ್ನು ಫೈನೈಟ್ ಎಲಿಮೆಂಟ್‌ಗೆ ಅಳವಡಿಸಿ 1984ರಲ್ಲಿ ‘ನ್ಯೂಕ್ಲಿಯರ್ ಎಂಜಿನಿಯರಿಂಗ್ ಅಂಡ್ ಡಿಸೈನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಸಂಪರ್ಕದ ಅಂಚನ್ನು ಜಾಲರಿಯ ಒಂದು ನೋಡಿನಿಂದ (ತುಣುಕುಗಳು ಕೂಡುವ ಬಿಂದುವಿನಿಂದ) ಮುಂದಿನ ನೋಡಿಗೆ ಸರಿಸುತ್ತ, ಪ್ರತಿ ಸ್ಥಿತಿಗೂ ತಕ್ಕ ಭಾರವನ್ನು ಹೆಕ್ಕುತ್ತ ಹೋದರೆ ಭಾರ ಮತ್ತು ಕಮಾನಿನ ಇಡೀ ಸಂಬಂಧ ಕೈಗೆ ಸಿಗುತ್ತದೆ. ಸಂಸ್ಥೆಯ ಕಂಪ್ಯೂಟರ್ ಕೇಂದ್ರ ಶುರುವಾದದ್ದು 1970ರಲ್ಲಿ. ಯಂತ್ರದ ಸಮಯಕ್ಕೆ ಸರತಿ ನಿಲ್ಲಬೇಕಿದ್ದ ಕಾಲದಲ್ಲಿ ಒಂದೊಂದು ಪುನರಾವರ್ತನೆ ಉಳಿದರೂ ಲಾಭವೇ. ಬಡತನ ಜಾಣ್ಮೆಯನ್ನು ಹೆರುತ್ತದೆ ಎಂದು ಹೇಳಹೊರಟರೆ ಅತಿಯಾದೀತು. ಕಂಪ್ಯೂಟರ್ ಎಷ್ಟಿದ್ದರೂ ಈ ದಾರಿ ಚೊಕ್ಕವೇ.

ಈ ವಿಲೋಮ ವಿಧಾನ ಜಗತ್ತಿನ ಸಾಫ್ಟ್‌ವೇರಿಗೆ ಏಕೆ ಇಳಿಯಲಿಲ್ಲ? ಒಂದು ಪಿನ್ನಿನ ಸಂಪರ್ಕಕ್ಕೆ ಸಮಮಿತಿಯಿದ್ದರೆ ಒಂದೇ ಕೋನ ಸಾಕು. ಆದರೆ ಗೇರುಪೆಟ್ಟಿಗೆಯಲ್ಲಿ ತಾಗುವ ಜಾಗದ ಆಕಾರವನ್ನು ಮೊದಲೇ ಹೇಳಬಲ್ಲವರಿಲ್ಲ. ಘರ್ಷಣೆ ಸೇರಿದರೆ ಎಲ್ಲಿ ಜಾರಿದೆ, ಎಲ್ಲಿ ಕಚ್ಚಿದೆ ಎಂಬ ಎರಡನೆಯ ಗಡಿಯೂ ಬರುತ್ತದೆ, ಉತ್ತರವೂ ಭಾರ ಹೇರಿದ ಹಾದಿಯನ್ನು ಅವಲಂಬಿಸುತ್ತದೆ.

ಸಾರ್ವತ್ರಿಕ ಸಾಫ್ಟ್‌ವೇರ್ ಬೇರೆ ದಾರಿ ಹಿಡಿಯಿತು. ಅನ್ಸಿಸ್ 1970ರಲ್ಲಿ, ಅಬಾಕಸ್ ತಯಾರಿಸಿದ ಕಂಪನಿ 1978ರಲ್ಲಿ ಆರಂಭವಾದವು. ಪೆನಾಲ್ಟಿ ವಿಧಾನದಲ್ಲಿ ತೂರಿದಷ್ಟಕ್ಕೂ ದಂಡದಂತೆ ಒಂದು ಗಡಸು ಸ್ಪ್ರಿಂಗ್ ತಳ್ಳುತ್ತದೆ. ಗಡಸು ಕಡಿಮೆಯಾದರೆ ಲೋಹ ಲೋಹದೊಳಗೆ ನುಸುಳುತ್ತದೆ, ಹೆಚ್ಚಾದರೆ ಸಮೀಕರಣಗಳು ಕೆಡುತ್ತವೆ. ಲಗ್ರಾಂಜ್ ಗುಣಕ ನುಸುಳಲು ಬಿಡದು, ಆದರೆ ಅಜ್ಞಾತಗಳನ್ನು ಹೆಚ್ಚಿಸುತ್ತದೆ. ಹೆಸ್ಟೀನ್ಸ್ ಮತ್ತು ಪೊವೆಲ್ 1969ರಲ್ಲಿ ಬೇರೆ ಬೇರೆಯಾಗಿ ರೂಪಿಸಿದ ವರ್ಧಿತ ಲಗ್ರಾಂಜ್ ವಿಧಾನ ಇವೆರಡರ ರಾಜಿ. ಅದನ್ನು ಘರ್ಷಣೆಯ ಸಂಪರ್ಕಕ್ಕೆ ಸಿಮೊ ಮತ್ತು ಲಾರ್ಸನ್ 1992ರಲ್ಲಿ ಒಗ್ಗಿಸಿದರು. ಅದಕ್ಕೂ ಮುಂಚೆ 1985ರಲ್ಲಿ ವ್ರಿಗರ್ಸ್ ಮತ್ತು ಸಿಮೊ, ಮೇಲ್ಮೈ ಸರಿದಾಡುವುದನ್ನೂ ಲೆಕ್ಕಕ್ಕೆ ಹಿಡಿದ ಸ್ಪರ್ಶಕ ಮ್ಯಾಟ್ರಿಕ್ಸ್ ಕೊಟ್ಟಿದ್ದರು. ನ್ಯೂಟನ್-ರ‍್ಯಾಫ್ಸನ್ ವಿಧಾನದ ಸುತ್ತುಸುತ್ತಿನ ಲೆಕ್ಕ ಉತ್ತರದ ಹತ್ತಿರ ಬಂದಾಗ ದಾಪುಗಾಲು ಹಾಕಬೇಕಾದರೆ ಇಂಥ ಮ್ಯಾಟ್ರಿಕ್ಸ್ ಬೇಕು. ಮೂಲೆಮೂಲೆಯಾದ ಜಾಲರಿಯಲ್ಲಿ ನೋಡು ತೊಡರಿಕೊಳ್ಳುವ ತೊಂದರೆಗೆ 2000ದ ನಂತರ ಮಾರ್ಟರ್ ವಿಧಾನ ಪರಿಹಾರವಾಗಿ ಬಂತು. ಅಭಿಸರಣದ ಗೊಡವೆಯನ್ನೇ ಬಿಟ್ಟವರೂ ಇದ್ದಾರೆ: ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್ಕ್ವಿಸ್ಟ್ 1976ರಲ್ಲಿ ಬರೆದ ಡೈನಾ3ಡಿ, ಕಾಲವನ್ನು ಅತಿ ಸಣ್ಣ ತುಣುಕುಗಳಾಗಿ ಕತ್ತರಿಸಿ ಪುನರಾವರ್ತನೆಯಿಲ್ಲದೆ ಮುಂದೆ ಸಾಗುತ್ತದೆ. ಕಾರು ಡಿಕ್ಕಿಗೆ ಅದು ಸರಿ; ನಿಧಾನವಾಗಿ ಭಾರ ಹೊರುವ ಲಗ್ಗಿಗೆ ದುಬಾರಿ.

1990ರ ದಶಕದಿಂದ ಬೆಂಗಳೂರಿನ ಎಂಜಿನಿಯರಿಂಗ್ ಕಚೇರಿಗಳು ಈ ಲೆಕ್ಕಗಳನ್ನು ದೇಶವಿದೇಶಗಳಿಗಾಗಿ ಮಾಡತೊಡಗಿದವು. ಅಲ್ಲಿನ ಕೈಪಳಗಿದವರ ಉಪಾಯಗಳು ಬಹುಪಾಲು ಒಂದೇ ಬಗೆಯವು. ಮೊದಲ ಹೆಜ್ಜೆಯಲ್ಲಿ ಭಾಗಗಳು ಇನ್ನೂ ತಾಗಿರದೆ ಒಂದು ತೇಲುತ್ತಿದ್ದರೆ ಮ್ಯಾಟ್ರಿಕ್ಸ್ ಸಿಂಗ್ಯುಲರ್ ಆಗಿ, ಅಂದರೆ ಬಿಡಿಸಲಾಗದಂತಾಗಿ, ಲೆಕ್ಕ ಬೀಳುತ್ತದೆ. ಆಗ ತುಸು ಸ್ಥಳಾಂತರ ಕೊಟ್ಟು ತಾಗಿಸುತ್ತಾರೆ, ಅಥವಾ ಬಲಹೀನ ಸ್ಪ್ರಿಂಗ್ ಕಟ್ಟಿ, ಅದು ಹೊತ್ತ ಬಲ ನಗಣ್ಯವೇ ಎಂದು ಕೊನೆಗೆ ನೋಡುತ್ತಾರೆ. ಭಾರವನ್ನು ಸಣ್ಣ ಹೆಜ್ಜೆಗಳಲ್ಲಿ ಏರಿಸುತ್ತಾರೆ. ಘರ್ಷಣೆಯನ್ನು ಮೊದಲು ಸೊನ್ನೆಯಿಟ್ಟು ಆಮೇಲೆ ಸೇರಿಸುತ್ತಾರೆ. ಅದು ಹೆಚ್ಚಿದ್ದರೆ ಅಸಮಮಿತ ಸಾಲ್ವರ್ ಆರಿಸುತ್ತಾರೆ. ಬಲದ ಬದಲು ಸ್ಥಳಾಂತರ ಕೊಟ್ಟು ಬಲವನ್ನು ಉತ್ತರವಾಗಿ ಪಡೆಯುವ ರೂಢಿಯಲ್ಲಿ ರಾವ್ ಅವರ ವಿಲೋಮ ಪ್ರಶ್ನೆಯ ನೆಂಟಸ್ತಿಕೆ ಕಾಣುತ್ತದೆ, ಅದನ್ನು ಬಳಸುವವರಿಗೆ ಅವರ ಹೆಸರು ತಿಳಿಯದಿದ್ದರೂ. ಲೆಕ್ಕ ಕನ್ವರ್ಜ್ ಆದ ಮಾತ್ರಕ್ಕೆ ಉತ್ತರ ಸರಿ ಎಂದಲ್ಲ; ಸರಿಯಳತೆಯ ನುಣುಪು ಪಿನ್ನಿನ ಮಾದರಿಯಲ್ಲಿ ಭಾರವನ್ನು ಇಮ್ಮಡಿ ಮಾಡಿದಾಗ ತಾಗಿದ ಕಮಾನು ಕದಲಿದರೆ, ಜಾಲರಿಯನ್ನೋ ಪೆನಾಲ್ಟಿಯ ಗಡಸನ್ನೋ ಮತ್ತೆ ನೋಡಬೇಕಾಗುತ್ತದೆ.