ಹಸಿಯೋ, ಬೆಂದದ್ದೋ?

ಮುಂಗಾರಿನ ದಿನಗಳಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿಯ ಕಡೆಗೆ ಹೊರಟವರಿಗೆ ಸೋಯಾಅವರೆಯ ಹೊಲಗಳು ಕಣ್ಣಿಗೆ ಬೀಳುತ್ತವೆ. ಆದರೆ ಜೋಳ, ಕಡಲೆ, ಶೇಂಗಾಗಳಿಗೆ ಈ ಸೀಮೆಯ ಅಡುಗೆಮನೆಯಲ್ಲಿರುವ ಸಲುಗೆ ಈ ಹೊಸ ಕಾಳಿಗೆ ಇನ್ನೂ ದೊರೆತಿಲ್ಲ. ಬೆಳೆಯ ಬಹುಭಾಗ ಎಣ್ಣೆಯ ಗಿರಣಿಗೆ ಹೋಗುತ್ತದೆ. ಉಳಿದ ಹಿಂಡಿ ಕೋಳಿಗಳ ಆಹಾರವಾಗುತ್ತದೆ. ಅದೇ ಕಾಳು ತೋಫು ಎಂಬ ಬಿಳಿಯ ಗಟ್ಟಿಯಾಗಿ ಪೊಟ್ಟಣದಲ್ಲಿ ಬಂದಾಗ, ಕೊಂಡವರಿಗೆ ಸಂದೇಹ ಹುಟ್ಟುತ್ತದೆ: ಇದನ್ನು ಹಾಗೆಯೇ ತಿನ್ನಬಹುದೆ, ಬೇಯಿಸಬೇಕೆ?

ಯಾವುದಕ್ಕೆ ಬೆಂಕಿ ಬೇಕು, ಯಾವುದಕ್ಕೆ ಬೇಡ ಎಂಬುದು ತಲೆಮಾರುಗಳ ಅನುಭವದಿಂದ ತೀರ್ಮಾನವಾಗುವ ಸಂಗತಿ. ಅಥಣಿ, ರಾಯಬಾಗದ ರೈತರು ಚಳಿಗಾಲದಲ್ಲಿ ಕಡಲೆಯ ಸುಲಗಾಯಿಯನ್ನು ಗಿಡದಿಂದ ಕಿತ್ತು ಹಸಿಯಾಗಿಯೇ ತಿನ್ನುತ್ತಾರೆ. ಎಳೆಯ ಜೋಳದ ತೆನೆಯನ್ನಾದರೋ ಕೆಂಡದಲ್ಲಿ ಸುಟ್ಟು ಸೀತನಿ ಮಾಡುತ್ತಾರೆ. ಸೋಯಾದ ವಿಷಯದಲ್ಲಿ ಅಂಥ ಅನುಭವ ನಮ್ಮದಲ್ಲ, ಚೀನೀಯರದು.

ಚೀನದಲ್ಲಿ ತೋಫುವಿನ ಲಿಖಿತ ಉಲ್ಲೇಖ ಹತ್ತನೆಯ ಶತಮಾನದಷ್ಟು ಹಳೆಯದು. ಕಾಳನ್ನು ನೆನೆಸಿ, ಅರೆದು, ಸೋಸಿದ ಹಾಲನ್ನು ಚೆನ್ನಾಗಿ ಕುದಿಸುತ್ತಾರೆ. ಬಳಿಕ ಜಿಪ್ಸಮ್ಮನ್ನೋ ಸಮುದ್ರದ ಉಪ್ಪಿನ ಕಹಿನೀರನ್ನೋ ಬೆರೆಸಿ, ಒಡೆದ ಹಾಲನ್ನು ಬಟ್ಟೆಯಲ್ಲಿ ಕಟ್ಟಿ ಒತ್ತುತ್ತಾರೆ. ಕುದಿಸುವುದು ಕೇವಲ ರುಚಿಗಾಗಿ ಅಲ್ಲ. ಹಸಿ ಸೋಯಾದಲ್ಲಿ ಪ್ರೋಟೀನಿನ ಜೀರ್ಣಕ್ಕೆ ಅಡ್ಡಬರುವ ಅಂಶವಿದೆ. ಕಾವು ಅದರ ಬಲವನ್ನು ಮುರಿಯುತ್ತದೆ. ಬೇಯಿಸಿದ ಸೋಯಾ ತಿಂದ ಇಲಿಗಳು ಹಸಿಯದನ್ನು ತಿಂದವುಗಳಿಗಿಂತ ಚೆನ್ನಾಗಿ ಬೆಳೆಯುವುದನ್ನು 1917ರಲ್ಲಿ ಅಮೆರಿಕದ ಆಸ್ಬರ್ನ್ ಮತ್ತು ಮೆಂಡೆಲ್ ತೋರಿಸಿದರು. 1945ರಲ್ಲಿ ಕುನಿಟ್ಜ್ ಅಂಥದೊಂದು ಅಂಶವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು.

ಒಡೆದ ಹಾಲಿನ ಪಾಕ ನಮಗೆ ಅಪರಿಚಿತವೇನೂ ಅಲ್ಲ. ಈ ಸೀಮೆ ರಟ್ಟರ ಕೂಂಡಿ ಮೂರುಸಾವಿರ ನಾಡಾಗಿದ್ದಾಗ ಅವರಿಗೆ ಸಾರ್ವಭೌಮರಾಗಿದ್ದವರು ಕಲ್ಯಾಣದ ಚಾಲುಕ್ಯರು. ಅವರಲ್ಲಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ 'ಮಾನಸೋಲ್ಲಾಸ'. ಕಾಯಿಸಿದ ಹಾಲನ್ನು ಹುಳಿಯಿಂದ ಒಡೆಯಿಸಿ, ಸೋಸಿ, ಅಕ್ಕಿಹಿಟ್ಟಿನೊಡನೆ ನಾದಿ ಕರಿಯುವ ಸಿಹಿಯ ವಿವರ ಅದರಲ್ಲಿದೆ. ಅಲ್ಲಿ ಹಸುವಿನ ಹಾಲು, ಇಲ್ಲಿ ಕಾಳಿನ ಹಾಲು. ಎರಡೂ ಮೊದಲು ಒಲೆಯನ್ನು ಕಂಡವು.

ಆದ್ದರಿಂದ ಪೊಟ್ಟಣದ ತೋಫುವನ್ನು ಹಸಿ ಎನ್ನುವುದು ಸರಿಯಲ್ಲ. ಅದು ಒಮ್ಮೆ ಬೆಂದೇ ಬಂದದ್ದು. ಜಪಾನೀಯರು ಬೇಸಗೆಯಲ್ಲಿ ಅದನ್ನು ತಣ್ಣಗೆ, ಶುಂಠಿಯೊಡನೆ ತಿನ್ನುತ್ತಾರೆ. ಆದರೆ ತಂಪಿನಲ್ಲಿ ಕಾದಿಡದ, ತೆರೆದ ನೀರಿನಲ್ಲಿಟ್ಟು ಮಾರುವ ತೋಫುವಿಗೆ ಈ ಮಾತು ಸಲ್ಲದು. ತಯಾರಾದ ಮೇಲೆ ಸೇರುವ ಕೊಳೆಯನ್ನು ಹಿಂದಿನ ಬೆಂಕಿ ತಡೆಯಲಾರದು. ತಾಜಾ ಇದ್ದರೆ ಮತ್ತೊಮ್ಮೆ ಕುದಿಸಿ ತಿನ್ನಬೇಕು. ಹುಳಿವಾಸನೆ ಬಂದುದನ್ನು ಎಸೆಯುವುದೇ ಲೇಸು.

ಇಷ್ಟನ್ನು ತಿಳಿದ ಮನೆಯಲ್ಲಿ ತೋಫುವಿನ ಭಯ ಉಳಿಯದು. ಶೇಂಗಾ ಪುಡಿ, ಖಾರ, ಬೆಳ್ಳುಳ್ಳಿಯ ಒಗ್ಗರಣೆಯಲ್ಲಿ ಬೆಂದ ತೋಫು ಜೋಳದ ರೊಟ್ಟಿಗೆ ಒಪ್ಪದ ಪದಾರ್ಥವೇನೂ ಅಲ್ಲ. ಕಾಗವಾಡದ ರೈತ ಬೆಳೆದ ಸೋಯಾ ಕೋಳಿಯ ಹೊಟ್ಟೆ ತುಂಬಿಸುವುದಾದರೆ, ಅದರ ಒಂದು ಪಾಲು ಅವನ ಮಕ್ಕಳ ತಾಟಿಗೂ ಬರುವುದು ನ್ಯಾಯವಲ್ಲವೆ?